ಸಗಣಿ ಮಡಕೆಗಳ ಮಳೆಗಾಲ

ಹೋದ ತಿಂಗಳು ನಂಟರ ಮನೆಯ ನಾಮಕರಣಕ್ಕೆಂದು ಅರಿಶಿನಕುಂಟೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಬಂದರೆ, ಹಿಂದಿನ ದಿನದ ಮಳೆಯಲ್ಲಿ ನೆಂದ ಸಗಣಿಯ ಮೇಲೆ ಬಿಸಿಲು ಬಿದ್ದು ಹಬೆ ಏಳುತ್ತಿತ್ತು. ಬಗ್ಗಿ ನೋಡಿದೆ. ಅಂಚಿನಲ್ಲಿ ಬಿಳಿ ಕೂದಲಿನಂಥ ಬೂಷ್ಟು ಎದ್ದಿತ್ತು. "ಏನಾದ್ರೂ ಬೀಳಿಸ್ಕೊಂಡ್ರಾ ತಾತ?" ಎಂದು ಹಿಂದಿನಿಂದ ಯಾರೋ ಹುಡುಗಿ ಕೇಳಿದಳು. ಇಲ್ಲಮ್ಮ ಎಂದು ಒಳಗೆ ಬಂದೆನಾದರೂ ಆ ವಾಸನೆ ಮಧ್ಯಾಹ್ನವೆಲ್ಲ ನನ್ನ ಜೊತೆಗೇ ಇತ್ತು. ಸಗಣಿಯ ವಾಸನೆಗೆ ಎಲ್ಲರಿಗೂ ಕೊಟ್ಟಿಗೆ ನೆನಪಾಗುತ್ತದೆ. ನನಗೆ ಕಾಲೇಜು ನೆನಪಾಗುತ್ತದೆ. ಅದರ ಹಿಂದೆಯೇ ನಮ್ಮ ಗೌರಕ್ಕನ ಅತ್ತೆ ನಂಜಮ್ಮನವರು ನೆನಪಾಗುತ್ತಾರೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ನಾನು ಬೆಂಗಳೂರಿನಲ್ಲಿ ಸಸ್ಯಶಾಸ್ತ್ರದ ಆನರ್ಸ್ ಕೊನೆಯ ವರ್ಷದಲ್ಲಿದ್ದೆ. ಒಕ್ಕಲುತನದ ಮನೆಯಿಂದ ಬಂದು ಅಷ್ಟು ಓದಿದವರು ನಮ್ಮ ಕಡೆ ಕಡಿಮೆ. ಪರೀಕ್ಷೆಯ ಜೊತೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಿಷಯ ಹಿಡಿದು ಸ್ವಂತವಾಗಿ ನೋಡಿ ಪ್ರಬಂಧ ಬರೆಯಬೇಕಿತ್ತು. ನನ್ನ ಜೊತೆಯವರು ಆಗುಂಬೆಗೋ ಕೊಡಗಿಗೋ ಹೋಗಿ ಜರೀಗಿಡ ತರುತ್ತೇವೆ ಎಂದು ಹೊರಟರು. ನನಗೆ ಅಷ್ಟು ದೂರ ಹೋಗುವ ಅನುಕೂಲವಿರಲಿಲ್ಲ. ಮೇಷ್ಟ್ರು ನನ್ನನ್ನು ಕೂರಿಸಿಕೊಂಡು, "ಕೆಂಪಯ್ಯ, ನೀವು ಯಾವ ಕಾಡಿಗೂ ಹೋಗ್ಬೇಕಾಗಿಲ್ಲ. ನಿಮ್ಮ ಕಡೆ ದನ ಎಮ್ಮೆ ಕುರಿ ಎಲ್ಲ ಒಂದೇ ಕಡೆ ಮೇಯೋ ಜಾಗ ಇದೆಯಾ?" ಎಂದು ಕೇಳಿದರು. ಇದೆ ಎಂದೆ. "ಹಾಗಾದ್ರೆ ಅವುಗಳ ಸಗಣಿ ಹಿಕ್ಕೆ ತಂದು ಒದ್ದೆಯಾಗಿಟ್ಟು ನೋಡಿ. ಯಾವುದರ ಮೇಲೆ ಯಾವ ಬೂಷ್ಟು ಏಳುತ್ತೆ, ಯಾವುದು ಮೊದಲು, ಯಾವುದು ಆಮೇಲೆ. ನಮ್ಮ ದೇಶದಲ್ಲಿ ಇದನ್ನ ಕೂತು ನೋಡಿದೋರು ಕಡಿಮೆ" ಎಂದರು.

ನನಗೆ ಮೊದಲು ಅವಮಾನವೇ ಆಯಿತು. ಸಗಣಿ ಬಾಚುವ ಮನೆಯಿಂದ ಬಂದವನೆಂದು ಸಗಣಿಯನ್ನೇ ಕೊಟ್ಟರಲ್ಲ ಎಂದುಕೊಂಡೆ. ಆದರೆ ಮೇಷ್ಟ್ರು ಅಂಥವರಲ್ಲ. ಅವರು ತಾವೇ ಜಟಕಾ ಸ್ಟ್ಯಾಂಡಿನಿಂದ ಕುದುರೆಯ ಲದ್ದಿ ತಂದು ಗಂಟೆಯಾಕಾರದ ಗಾಜಿನ ಮುಚ್ಚಳದ ಕೆಳಗಿಟ್ಟಿದ್ದರು. ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೋಡಿದ ಮೇಲೆ ನಾನು ಬೇರೆ ವಿಷಯ ಕೇಳಲಿಲ್ಲ.

ನಮ್ಮೂರಿನಲ್ಲಿ ಗೋಮಾಳ ಉಳಿದಿರಲಿಲ್ಲ. ನನ್ನ ಅಕ್ಕ ಗೌರಕ್ಕನನ್ನು ಕೊಟ್ಟ ಊರು ನೆಲಮಂಗಲದಿಂದ ಮುಂದೆ, ಶಿವಗಂಗೆ ಬೆಟ್ಟ ಎದುರಿಗೆ ಕಾಣುವ ಕಡೆ. ಊರ ಹಿಂದೆಯೇ ದೊಡ್ಡ ಗೋಮಾಳ. ಊರಿನ ದನ ಎಮ್ಮೆಗಳು, ಕುರುಬರ ಕುರಿ, ಅಗಸರ ಕತ್ತೆ ಎಲ್ಲವೂ ಅಲ್ಲೇ ಮೇಯುತ್ತಿದ್ದವು. ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು, ಒಂದು ಟ್ರಂಕು, ಒಂದು ಭೂತಗನ್ನಡಿ, ಒಂದಷ್ಟು ಕಿಟಕಿ ಗಾಜಿನ ತುಂಡುಗಳೊಂದಿಗೆ ನಾನು ಅಲ್ಲಿ ಇಳಿದಾಗ ಮಘೆ ಮಳೆ ಶುರುವಾಗಿತ್ತು. ಪ್ರತಿ ಸೋಮವಾರ ಬೆಂಗಳೂರಿಗೆ ಹೋಗಿ ಮೇಷ್ಟ್ರಿಗೆ ತೋರಿಸಿ ಬರುವುದು ಎಂದು ಒಪ್ಪಂದ.

ಮನೆಯಲ್ಲಿ ನಾಲ್ಕೇ ಜನ. ಗೌರಕ್ಕನ ಮಾವ ಹನುಮೇಗೌಡರು ಮೆತ್ತನೆಯ ಮನುಷ್ಯ, ಮಾತು ಕಡಿಮೆ. ಭಾವ ಗಂಗಣ್ಣ ದುಡಿಮೆಯಲ್ಲಿ ಎತ್ತು, ಆದರೆ ತಾಯಿಯ ಎದುರು ಬಾಯಿ ತೆರೆದವರಲ್ಲ. ಮನೆ ನಡೆಯುತ್ತಿದ್ದುದು ನಂಜಮ್ಮನವರ ಮಾತಿನ ಮೇಲೆ. ಅವರಿಗೆ ತಮ್ಮ ಅಣ್ಣನ ಮಗಳನ್ನು ಸೊಸೆಯಾಗಿ ತರಬೇಕೆಂಬ ಆಸೆಯಿತ್ತು. ಮಾವ ಮಾತು ಕೊಟ್ಟಿದ್ದರಿಂದ ನಮ್ಮ ಗೌರಕ್ಕ ಬಂದಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ನಂಜಮ್ಮನವರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. 'ಏಯ್', 'ನಿನ್ನೇ', ಇಲ್ಲವೇ ಗೋಡೆಗೆ ಹೇಳಿದಂತೆ ಬರೀ ಕೆಲಸದ ಹೆಸರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಗುತ್ತಲೂ ಇರಲಿಲ್ಲ.

ನಾನು ಹೊರಜಗಲಿಯ ಒಂದು ಬದಿಯಲ್ಲಿ ಒಡೆದ ಮಡಕೆಗಳ ತಳಗಳನ್ನು ಸಾಲಾಗಿ ಇಟ್ಟು, ಮರಳು ಹಾಕಿ ನೀರು ಚಿಮುಕಿಸಿ, ಒಂದರಲ್ಲಿ ಹಸುವಿನದು, ಒಂದರಲ್ಲಿ ಎಮ್ಮೆಯದು, ಮುಂದೆ ಕುರಿ, ಮೇಕೆ, ಕತ್ತೆ ಎಂದು ಇಟ್ಟು ಮೇಲೆ ಗಾಜು ಮುಚ್ಚಿದೆ. ನಂಜಮ್ಮನವರು ಬಾಗಿಲಲ್ಲಿ ನಿಂತು ನೋಡಿದರು.

"ಏನಪ್ಪಾ ಇದು? ಸಗಣಿಗೆ ಕನ್ನಡಿ ಹಾಕ್ತಾ ಇದ್ದೀಯಾ?"

"ಬೂಷ್ಟು ಬೆಳೆಸ್ತೀನಿ ಅತ್ತೆ. ಪರೀಕ್ಷೆಗೆ."

"ನಾವು ಬೂಷ್ಟು ಬರದೇ ಇರ್ಲಿ ಅಂತ ಮಾಡ್ತೀವಿ. ಬೆಳೆಸಿದ್ರೆ ನಿಂಗೆ ಪಾಸು ಮಾಡ್ತಾರಾ?"

"ಹೌದು ಅತ್ತೆ."

ಅವರು ಒಳಗೆ ಹೋದರು. ಭಾವ ಮಾತ್ರ ಸಂಜೆ ಹೊಲದಿಂದ ಬಂದಾಗಲೆಲ್ಲ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, "ಎಲ್ಲಿ ಬಾಮೈದ, ಇವತ್ತೇನು ಫಸಲು?" ಎನ್ನುತ್ತಿದ್ದರು.

ಫಸಲು ದಿನವೂ ಇತ್ತು. ಮೊದಲು ಏಳುವುದು ಬಿಳಿಯ ಕೂದಲು. ಒಂದೆರಡು ದಿನದಲ್ಲಿ ಸಗಣಿ ಕಾಣದಷ್ಟು ಹಬ್ಬಿ, ಪ್ರತಿ ಕೂದಲಿನ ತುದಿಯಲ್ಲೂ ಗುಂಡುಸೂಜಿಯ ತಲೆಯಷ್ಟು ಕಪ್ಪು ಕಟ್ಟಿ ಬಗ್ಗುತ್ತದೆ. ಅದು ಕುಸಿಯುವ ಹೊತ್ತಿಗೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬರುತ್ತದೆ. ಗಾಜಿನಲ್ಲಿ ಮಾಡಿದಂಥ ಸಣ್ಣ ಕಡ್ಡಿ, ಅದರ ತಲೆಯಲ್ಲಿ ನೀರಿನ ಹನಿಯಂಥ ಉಬ್ಬು, ಉಬ್ಬಿನ ಮೇಲೆ ಕಪ್ಪು ಟೋಪಿ. ಬೆಳಗಿನ ಬೆಳಕು ಯಾವ ಕಡೆಯಿಂದ ಬರುತ್ತದೆಯೋ ಆ ಕಡೆಗೆ ಎಲ್ಲವೂ ಒಟ್ಟಿಗೆ ತಲೆ ತಿರುಗಿಸುತ್ತವೆ. ಬಿಸಿಲೇರುವಾಗ ಉಬ್ಬು ಒಡೆದು ಟೋಪಿ ಹಾರಿ ಗಾಜಿಗೆ ಬಡಿಯುತ್ತದೆ. ಕಿವಿ ಹತ್ತಿರ ಹಿಡಿದರೆ ಟಿಕ್ ಎನ್ನುವುದು ಕೇಳಿಸುತ್ತದೆ. ಭಾವನಿಗೆ ಒಂದು ಬೆಳಿಗ್ಗೆ ಅದನ್ನು ಕೇಳಿಸಿದೆ. ಅವರು ಹೊಲಕ್ಕೆ ಹೋಗುವುದನ್ನು ಬಿಟ್ಟು ಎಲ್ಲ ಮಡಕೆಗಳಿಗೂ ಕಿವಿ ಕೊಟ್ಟು ಕೇಳಿದರು.

"ಯಾಕೆ ಹಿಂಗೆ ಎಗರಿಸ್ತದೆ?" ಎಂದು ಕೇಳಿದರು.

"ದನ ಯಾವತ್ತಾದ್ರೂ ತನ್ನ ಸಗಣಿ ಪಕ್ಕದ ಹುಲ್ಲು ತಿಂತದಾ ಭಾವ?"

"ಇಲ್ಲ. ಮೂಸಿ ಬಿಟ್ಬಿಡ್ತದೆ."

"ಅದಕ್ಕೇ. ಅದರ ಬೀಜ ದೂರದ ಹುಲ್ಲಿಗೆ ಹೋಗಿ ಅಂಟ್ಕೋಬೇಕು. ದನ ಆ ಹುಲ್ಲು ತಿನ್ಬೇಕು. ಹೊಟ್ಟೆ ಒಳಗೆ ಹಾದು ಸಗಣಿ ಜೊತೆ ಬಿದ್ರೇನೇ ಅದು ಚೆನ್ನಾಗಿ ಮೊಳೆಯೋದು."

ಭಾವ ಮೇಲೆದ್ದು, "ನಮಗಿಂತ ಲೆಕ್ಕಾಚಾರವಾಗಿ ಬೇಸಾಯ ಮಾಡ್ತದೆ" ಎಂದು ನೊಗ ಹೊತ್ತುಕೊಂಡು ಹೋದರು.

ಅದಾದ ಮೇಲೆ ಹಳದಿ, ಕಿತ್ತಳೆ ಬಣ್ಣದ ಸಣ್ಣ ಸಣ್ಣ ತಟ್ಟೆಗಳು ಸಗಣಿಗೆ ಅಂಟಿಕೊಂಡಂತೆ ಏಳುತ್ತಿದ್ದವು. ಭೂತಗನ್ನಡಿಯಲ್ಲಿ ಅವುಗಳ ಮೇಲೆ ಎಳ್ಳಿನಂಥ ಚುಕ್ಕಿ. ಕುರಿ ಹಿಕ್ಕೆಯ ಮೇಲೆ ಕಪ್ಪು ಹೂಜಿಗಳು ಕುತ್ತಿಗೆಯಷ್ಟೇ ಹೊರಗೆ ಚಾಚಿಕೊಂಡು ಮೈಯನ್ನು ಒಳಗೆ ಹೂತುಕೊಂಡಿರುತ್ತಿದ್ದವು. ಕತ್ತೆಯ ಲದ್ದಿಯ ಮೇಲೆ ಬಂದದ್ದು ಹಸುವಿನದರ ಮೇಲೆ ಬರುತ್ತಿರಲಿಲ್ಲ. ಹಸುವಿನದರ ಮೇಲೆ ಮೊದಲು ಬಂದದ್ದು ಎಮ್ಮೆಯದರ ಮೇಲೆ ತಡವಾಗಿ ಬರುತ್ತಿತ್ತು. ಎಲ್ಲಕ್ಕಿಂತ ಕೊನೆಗೆ ಅಣಬೆಗಳು. ತೆಳ್ಳಗಿನ ಬೂದು ಕೊಡೆ ಬೆಳಿಗ್ಗೆ ಬಿಚ್ಚಿ ಮಧ್ಯಾಹ್ನಕ್ಕೆ ಕರಗಿ ಕಪ್ಪು ಶಾಯಿಯಾಗಿ ತೊಟ್ಟಿಕ್ಕುತ್ತಿತ್ತು. ಎಮ್ಮೆ ಸಗಣಿಯ ಮಡಕೆಯಲ್ಲಿ ಇನ್ನೊಂದು ಬಗೆ ಬಂತು. ಗಂಟೆಯಾಕಾರದ ಬಿಳಿಚು ಟೋಪಿ, ಅಡಿಯಲ್ಲಿ ಕಪ್ಪು ಮಚ್ಚೆ, ಉದ್ದ ಕಾಂಡ. ಕಾಂಡವನ್ನು ಚಿವುಟಿದರೆ ಚಿವುಟಿದ ಕಡೆ ನೀಲಿಗಟ್ಟುತ್ತಿತ್ತು. ಅದನ್ನು ಒಣಗಿಸಿ ಮೇಷ್ಟ್ರಿಗೆಂದು ಕಾಗದದಲ್ಲಿ ಸುತ್ತಿಟ್ಟೆ.

ಹುಬ್ಬೆ ಮಳೆ ಹಿಡಿದ ಮೇಲೆ ಊರಿಗೆಲ್ಲ ಅಣಬೆಯ ಸಂಭ್ರಮ. ಅದು ಲೆವಿಯ ಕಾಲ. ಮನೆಯ ರಾಗಿಯನ್ನು ಸರ್ಕಾರಕ್ಕೆ ಅಳೆದುಕೊಟ್ಟು ಉಳಿದದ್ದರಲ್ಲಿ ವರ್ಷ ತಳ್ಳಬೇಕು. ಬೇಳೆ ಅಂಗಡಿಯಲ್ಲಿ ಸಿಕ್ಕಿದ ದಿನ ಹಬ್ಬ. ಹೀಗಾಗಿ ಹುತ್ತದ ಬಳಿ ಅಣಬೆ ಎದ್ದಿದೆ ಎಂದರೆ ಹೆಂಗಸರು ಮಡಿಲು ಕಟ್ಟಿಕೊಂಡು ಓಡುತ್ತಿದ್ದರು. ಅಣಬೆ ಸಾರು, ರಾಗಿಮುದ್ದೆ. ಅದರ ಮುಂದೆ ಮಾಂಸವೂ ಬೇಡ ಎನ್ನುತ್ತಿದ್ದರು ಮಾವ.

ಆ ದಿನ ನಾನು ಮೇಕೆ ಹಿಕ್ಕೆ ಹುಡುಕಿಕೊಂಡು ಶಿವಗಂಗೆಯ ತಪ್ಪಲಿಗೆ ಹೋಗಿದ್ದೆ. ಹೊತ್ತು ಇಳಿಯುವಾಗ ವಾಪಸು ಬಂದರೆ ಮನೆಯ ಮುಂದೆ ಜನ ಸೇರಿದ್ದಾರೆ. ನನ್ನ ಮಡಕೆಗಳು ಜಗಲಿಯ ಮೇಲಿಲ್ಲ. ಒಂದೂ ಬಿಡದೆ ತಿಪ್ಪೆಯಲ್ಲಿ ಒಡೆದು ಬಿದ್ದಿದ್ದವು, ಗಾಜೆಲ್ಲ ಚೂರು. ಒಳಗೆ ಹೋದರೆ, ಮಾವ ಹಜಾರದ ಕಂಬವನ್ನು ತಬ್ಬಿಕೊಂಡು ಕೂತು ನಗುತ್ತಿದ್ದಾರೆ. ಕಣ್ಣ ಪಾಪೆ ಅಗಲವಾಗಿದೆ. "ಕಂಬ ಉಸಿರಾಡ್ತಾ ಐತೆ, ನೋಡ್ರೋ, ಕಂಬ ಉಸಿರಾಡ್ತಾ ಐತೆ" ಎನ್ನುತ್ತಿದ್ದಾರೆ. ಭಾವ ಚಾಪೆಯ ಮೇಲೆ ಬಿದ್ದು, ಮಕ್ಕಳಂತೆ ಅಳುತ್ತ, ನಡುನಡುವೆ ನಗುತ್ತ, ತನ್ನ ಕೈಬೆರಳುಗಳನ್ನು ಮುಖದ ಮುಂದೆ ಆಡಿಸಿಕೊಳ್ಳುತ್ತಿದ್ದಾರೆ. ಇಬ್ಬರಿಗೂ ಹುಣಸೆನೀರು ಕುಡಿಸಿ ವಾಂತಿ ಮಾಡಿಸಿ ಆಗಿತ್ತು. ಗೌರಕ್ಕ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಹತ್ತಿರ ಯಾರೂ ಇರಲಿಲ್ಲ.

ಆಗಿದ್ದಿಷ್ಟು. ಮಧ್ಯಾಹ್ನ ಗಂಡಸರಿಬ್ಬರೂ ಅಣಬೆ ಸಾರಿನಲ್ಲಿ ಮುದ್ದೆ ಉಂಡು ಎದ್ದಿದ್ದರು. ಹೆಂಗಸರು ಉಣ್ಣುವುದು ಗಂಡಸರದಾದ ಮೇಲೆ. ನಂಜಮ್ಮನವರು ಮತ್ತು ಗೌರಕ್ಕ ಕೈ ತೊಳೆದು ಕೂರುವಷ್ಟರಲ್ಲಿ ಹಜಾರದಿಂದ ನಗು ಕೇಳಿಸಿದೆ. ಆಮೇಲೆ ಊಟದ ಮಾತೆಲ್ಲಿ?

ಪಕ್ಕದ ಮನೆಯ ಚಿಕ್ಕೇಗೌಡ ಮಾವನ ದಾಯಾದಿ. ಊರಲ್ಲಿ ಏನು ನಡೆದರೂ ತೀರ್ಪು ಹೇಳುವುದು ತನ್ನ ಕೆಲಸ ಎಂದುಕೊಂಡವನು. ಅವನೇ ಮೊದಲು ಆ ಮಾತು ಆಡಿದ್ದು. "ಇದು ಮದ್ದು. ಗಂಡನ್ನ ಕೈಯಲ್ಲಿ ಇಟ್ಕೊಳ್ಳೋಕೆ ಸಾರಿಗೆ ಮದ್ದು ಹಾಕವ್ಳೆ. ತಮ್ಮ ಮಡಕೇಲಿ ಬೆಳೆಸಿದ, ಅಕ್ಕ ಒಲೆ ಮೇಲೆ ಬೇಯಿಸಿದ್ಲು. ತಾನು ಮಾತ್ರ ಉಣ್ಲಿಲ್ಲ ನೋಡಿ."

ಊಟದಲ್ಲಿ ಮದ್ದು ಹಾಕುವುದು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹಾಗೆ ಅನ್ನಿಸಿಕೊಂಡ ಹೆಂಗಸಿನ ಕೈಯಲ್ಲಿ ಮತ್ತೆ ಯಾರೂ ನೀರು ಕುಡಿಯುವುದಿಲ್ಲ. ತವರಿಗೆ ಬಂದರೆ ಅಲ್ಲಿಗೂ ಆ ಹೆಸರು ಬರುತ್ತದೆ. ತಂಗಿಯರಿದ್ದರೆ ಅವರ ಮದುವೆಗೂ ಅಡ್ಡ ನಿಲ್ಲುತ್ತದೆ. ನಮಗೆ ಇಬ್ಬರು ತಂಗಿಯರಿದ್ದರು.

ದೀಪ ಹಚ್ಚುವ ಹೊತ್ತಿಗೆ ಮಾವನೂ ಭಾವನೂ ನಿದ್ದೆ ಹೋದರು. ಬೆಳಿಗ್ಗೆ ಎದ್ದಾಗ ಇಬ್ಬರೂ ಸರಿಯಾಗಿದ್ದರು, ಹಸಿವು ಎಂದರು. ಆದರೆ ಜಗಲಿಯಲ್ಲಿ ಚಿಕ್ಕೇಗೌಡ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡಾಗಿತ್ತು. ನಾನು ಗೌರಕ್ಕನನ್ನು ಕರೆದುಕೊಂಡು ಅಂದೇ ಬಸ್ಸು ಹತ್ತಬೇಕು ಎನ್ನುವುದು ಅವರ ತೀರ್ಮಾನ. ನಂಜಮ್ಮನವರು ಬಾಗಿಲ ಮರೆಯಲ್ಲಿ ನಿಂತಿದ್ದರು. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಭಾವ ತಲೆ ಬಗ್ಗಿಸಿ ಕೂತಿದ್ದರು.

ನಾನು ಅಷ್ಟರಲ್ಲಿ ಹಿತ್ತಲ ತಿಪ್ಪೆ ಕೆದಕಿ ಬಂದಿದ್ದೆ. ಗೌರಕ್ಕ ಅಣಬೆ ಹೆಚ್ಚುವಾಗ ಕೊಯ್ದು ಎಸೆದ ಬುಡಗಳು ಬಾಳೆ ಎಲೆಯಲ್ಲಿ ಹಾಗೇ ಇದ್ದವು. ಬಹಳಷ್ಟು ಹುತ್ತದ ಅಣಬೆಯ ದಪ್ಪ ಬಿಳಿ ಬುಡ. ನಡುವೆ ಒಂದಷ್ಟು ತೆಳು, ಉದ್ದ. ಕೊಯ್ದ ಕಡೆ ನೀಲಿ. ತುದಿಗೆ ಸಗಣಿಯ ನಾರು ಅಂಟಿತ್ತು. ಅವನ್ನು ಒಂದು ಕಡೆ, ನಾನು ಒಣಗಿಸಿ ಸುತ್ತಿಟ್ಟಿದ್ದನ್ನು ಒಂದು ಕಡೆ ಹಿರಿಯರ ಮುಂದೆ ಇಟ್ಟೆ. ಇದು ಸಗಣಿ ಮೇಲೆ ಬೆಳೆಯುವ ಅಣಬೆ, ಹುತ್ತದ್ದರ ಜೊತೆ ಬೆರೆತಿದೆ, ಇದರಿಂದಲೇ ಹೀಗಾಗಿದ್ದು, ಇದರಲ್ಲಿ ಯಾರ ಕೈವಾಡವೂ ಇಲ್ಲ ಎಂದು ತಿಳಿಸಿ ಹೇಳಿದೆ.

ಚಿಕ್ಕೇಗೌಡ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ. "ಎರಡೂ ಒಂದೇ ಅಂತೀಯಾ?"

"ಒಂದೇ."

"ಇದು ನಿನ್ನ ಮಡಕೇಲಿ ಬೆಳೆದಿದ್ದು ಅಂತೀಯಾ?"

"ಹೌದು."

"ಮತ್ತಿನ್ನೇನಪ್ಪಾ? ನೀನೇ ಒಪ್ಕೊಂಡ್ಯಲ್ಲ!"

ಹಿರಿಯರು ತಲೆಯಾಡಿಸಿದರು. ನಾನು ತಂದ ಸಾಕ್ಷಿ ನನ್ನ ಅಕ್ಕನ ಕುತ್ತಿಗೆಗೇ ಬಿದ್ದಿತ್ತು. ಹಾಗಾದರೆ ನಾನೇ ಈಗ ತಿಂದು ತೋರಿಸುತ್ತೇನೆ ಎಂದೆ. ಅದಕ್ಕೆ ಗೌರಕ್ಕ ಒಳಗಿನಿಂದಲೇ, "ಸುಮ್ನಿರೋ ಕೆಂಪಾ. ನೀನು ತಿಂದ್ರೂ ನಾನು ತಿಂದ್ರೂ ನಾಟಕ ಅಂತಾರೆ" ಎಂದಳು. ಆಮೇಲೆ ಹೊರಗೆ ಬಂದಳು. ಅಷ್ಟು ಗಂಡಸರ ಮುಂದೆ ಅವಳು ಅದುವರೆಗೆ ನಿಂತವಳಲ್ಲ.

"ಹೋಗು ಅಂದ್ರೆ ಹೋಗ್ತೀನಿ. ಆದ್ರೆ ಮದ್ದು ಹಾಕ್ದೋಳು ಅನ್ನಿಸ್ಕೊಂಡು ಹೋಗಲ್ಲ. ಆ ಅಣಬೆ ನಾನು ಕಿತ್ತು ತಂದದ್ದಲ್ಲ. ತಂದು ಕೊಟ್ಟೋರು ಇಲ್ಲೇ ಔರೆ. ಅವರನ್ನ ಕೇಳಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಹಿಂದಿನ ಬೆಳಿಗ್ಗೆ ಬೆರಣಿಗೆ ಸಗಣಿ ಎತ್ತಲು ಗೋಮಾಳಕ್ಕೆ ಹೋಗಿದ್ದ ನಂಜಮ್ಮನವರೇ ಮಡಿಲು ತುಂಬ ಅಣಬೆ ತಂದು ಮೊರಕ್ಕೆ ಸುರಿದಿದ್ದರು. ಅವರು ಅದನ್ನು ಮುಚ್ಚಿಟ್ಟಿದ್ದರು ಎಂದು ನಾನು ಹೇಳಲಾರೆ. ತಮ್ಮ ಅಣಬೆಯಲ್ಲಿ ತಪ್ಪಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

"ನಾನೇ ತಂದಿದ್ದು," ಎಂದರು. "ಹುತ್ತದ ಹತ್ರ ಕಿತ್ತಿದ್ದು. ಹುಟ್ಟಿದಾಗಿಂದ ಕೀಳ್ತಾ ಇದ್ದೀನಿ, ನನ್ನ ಅಣಬೇಲಿ ಏನೈತೆ?"

"ಜಾಗ ತೋರಿಸ್ತೀರಾ ಅತ್ತೆ?" ಎಂದೆ.

"ಬಾ ತೋರಿಸ್ತೀನಿ."

ಇಡೀ ಗುಂಪು ಗೋಮಾಳಕ್ಕೆ ಹೊರಟಿತು. ಮಳೆ ನಿಂತು ಮೋಡ ಒಡೆದಿತ್ತು. ನಂಜಮ್ಮನವರು ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಹುತ್ತ ಇತ್ತು. ಅದರ ಸುತ್ತ ಎಮ್ಮೆಗಳು ನಿಂತು ತುಳಿದ ಜಾಗ. ಸಗಣಿ ಮಳೆಗೆ ಕದಡಿ ಮಣ್ಣಿನೊಂದಿಗೆ ಸೇರಿಹೋಗಿತ್ತು. ಹುತ್ತದ ಬುಡದಲ್ಲಿ ಒಂದು ಜಾತಿ, ಮಾರು ದೂರದ ಆ ಸಗಣಿಯಲ್ಲಿ ಇನ್ನೊಂದು ಜಾತಿ, ಎರಡೂ ಆ ಬೆಳಿಗ್ಗೆ ಮತ್ತೆ ಹೊಸದಾಗಿ ಎದ್ದಿದ್ದವು. ನಾನು ಸಗಣಿಯದನ್ನು ತೋರಿಸಿ, "ಇದೂ ಕಿತ್ರಾ ಅತ್ತೆ?" ಎಂದೆ.

"ಕಿತ್ತೆ. ಬರೀ ಹುತ್ತದ್ದೇ ಆಗಿದ್ರೆ ಮನೆಗೆ ಸಾಲ್ತಿರಲಿಲ್ಲ. ಸಗಣೀಲಿದ್ರೇನು, ಮಣ್ಣಲ್ಲಿದ್ರೇನು? ಅಣಬೆ ಅಣಬೇನೇ."

"ಅದು ಬೇರೆ, ಇದು ಬೇರೆ ಅತ್ತೆ."

"ನಂಗೆ ಅಣಬೆ ಹೇಳ್ಕೊಡ್ತೀಯಾ? ಇರು." ಅವರು ಬಗ್ಗಿ ಸಗಣಿಯಲ್ಲಿದ್ದುದನ್ನೇ ಕಿತ್ತು ಮಡಿಲಿಗೆ ಹಾಕಿಕೊಳ್ಳತೊಡಗಿದರು. "ನಾನೇ ಬೇಯಿಸ್ತೀನಿ, ನಾನೇ ತಿಂತೀನಿ. ಇವಳೂ ಇವನೂ ಹೊರಗೆ ಕೂತಿರ್ಲಿ. ಆವಾಗ ಗೊತ್ತಾಗ್ತದೆ ತಪ್ಪು ಅಣಬೇದಾ, ಮದ್ದಿಂದಾ ಅಂತ."

ಬೇಡ ಅತ್ತೆ, ತಿನ್ನಬೇಡಿ ಎಂದು ನಾನು ಅಡ್ಡ ಹೋದೆ. ಅದು ಯಾರ ಮೇಲೆ ಎಷ್ಟು ಕೆಲಸ ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಬೂಷ್ಟು ನೋಡುವವನೇ ಹೊರತು ವೈದ್ಯನಲ್ಲ. ಅವರು ಕೇಳಲಿಲ್ಲ. ಕೊನೆಗೆ ಮಾವ ಹತ್ತಿರ ಬಂದು ಹೆಂಡತಿಯ ಮಡಿಲಿಗೆ ಕೈ ಹಾಕಿ ಬಹುಪಾಲನ್ನು ತೆಗೆದು ಎಸೆದರು. "ತಿನ್ಲೇಬೇಕು ಅಂದ್ರೆ ಇಷ್ಟೇ ತಿನ್ನು. ನಿನ್ನೆ ನಾನು ಕಂಡದ್ದು ನೀನು ಕಾಣೋದು ಬ್ಯಾಡ" ಎಂದರು.

ಅಡಿಗೆಮನೆಗೆ ನಂಜಮ್ಮನವರೊಬ್ಬರೇ ಹೋದರು. ನಾನೂ ಗೌರಕ್ಕನೂ ಬೀದಿಯಲ್ಲಿ, ಚಿಕ್ಕೇಗೌಡನ ಕಣ್ಣೆದುರಿಗೆ ಕೂತೆವು. ಅವಳು ನನ್ನ ಮುಖ ನೋಡದೆ, "ಅವರಿಗೇನಾರ ಆದ್ರೆ ನಾವು ಉಳಿಯಲ್ಲ ಕಣೋ" ಎಂದಳು. ನನಗೂ ಅದೇ ಹೆದರಿಕೆ. ಏನೂ ಆಗದಿದ್ದರೂ ನಾವು ಉಳಿಯುವುದಿಲ್ಲ ಎಂಬುದು ಇನ್ನೊಂದು ಹೆದರಿಕೆ. ಆದದ್ದಾಗಲಿ, ಸ್ವಲ್ಪವೇ ಆಗಲಿ ಎಂದು ಬೆಟ್ಟದ ಕಡೆ ಮುಖ ಮಾಡಿ ಗಂಗಾಧರೇಶ್ವರನಿಗೆ ಕೈ ಮುಗಿದೆ.

ನಂಜಮ್ಮನವರು ಸಾರು ಮಾಡಿ ಹಿರಿಯರ ಎದುರಿಗೇ ಹಜಾರದಲ್ಲಿ ಕೂತು ಮುದ್ದೆಯ ಜೊತೆ ಉಂಡರು. ಕೈ ತೊಳೆದರು. ಎಲೆ ಅಡಿಕೆ ಹಾಕಿಕೊಂಡರು. ಹೊತ್ತು ಹೋಯಿತು. ಚಿಕ್ಕೇಗೌಡ ಕೆಮ್ಮಿದ. ಅವರು ಎದ್ದು ನಿಂತು, "ನೋಡ್ರಪ್ಪ, ಏನಾಗೈತೆ ನಂಗೆ? ಏನೂ ಇಲ್ಲ. ನಾನು ಆಗ್ಲೇ ಹೇಳ್ಲಿಲ್ವಾ" ಎಂದು ಶುರು ಮಾಡಿ ಅಲ್ಲಿಗೇ ನಿಂತರು. ಚಿಕ್ಕೇಗೌಡನ ಮುಖವನ್ನೇ ನೋಡಿದರು.

"ಲೇ ಚಿಕ್ಕ, ನಿನ್ನ ಮೀಸೆ ನಡೀತಾ ಐತಲ್ಲೋ."

"ಏನತ್ತಿಗೆ?"

"ಮೀಸೆ ಕಣೋ! ಒಂದು ಆ ಕಡೆ ಹೋಗ್ತದೆ, ಒಂದು ಈ ಕಡೆ ಹೋಗ್ತದೆ!" ಎಂದು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕುಸಿದು ಕೂತು ನಕ್ಕರು. ಚಿಕ್ಕೇಗೌಡ ಮೀಸೆ ಮುಟ್ಟಿ ನೋಡಿಕೊಂಡ. ಅದನ್ನು ಕಂಡು ಹಿರಿಯರೊಬ್ಬರು ಕಿಸಕ್ಕೆಂದರು. ಭಾವ ನಕ್ಕರು, ಮಾವ ನಕ್ಕರು, ಬೀದಿಯಲ್ಲಿದ್ದ ಹೆಂಗಸರಿಗೂ ತಡೆಯಲಾಗಲಿಲ್ಲ. ಅವರಾರೂ ಅಣಬೆ ತಿಂದಿರಲಿಲ್ಲ.

ಆದರೆ ಸ್ವಲ್ಪ ಹೊತ್ತಿನಲ್ಲಿ ನಂಜಮ್ಮನವರ ನಗು ನಿಂತಿತು. ನೆಲ ಅಲ್ಲಾಡುತ್ತಿದೆ ಎಂದರು. ಕೈ ನಡುಗಿತು. ಮಾವ ಹಿಡಿದುಕೊಳ್ಳಲು ಹೋದರೆ ಕೊಸರಿಕೊಂಡು, "ಗೌರಿ ಎಲ್ಲಿ? ಗೌರೀನ ಕರೀರಿ" ಎಂದು ಕೂಗಿದರು. ಅವರ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಗೌರಕ್ಕ ಎದ್ದು ಓಡಿದಳು. ಅವರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವರು ಮಲಗಿಕೊಂಡೇ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿದರು.

"ನಿನ್ನ ಮುಖದಾಗೆ ಎಷ್ಟೊಂದು ಬಣ್ಣ ಐತೇ ಗೌರಿ. ಮೂರು ವರ್ಷದಿಂದ ನಾನು ನೋಡ್ಲೇ ಇಲ್ವಲ್ಲೇ."

"ಈಗ ನೋಡಿ ಅತ್ತೆ."

"ನಮ್ಮಣ್ಣನ ಮಗಳನ್ನ ತರ್ಬೇಕು ಅಂತಿದ್ದೆ ಕಣೇ."

"ಗೊತ್ತು ಅತ್ತೆ."

"ಅವಳಿಗೆ ಸಾರು ಮಾಡೋಕೆ ಬರಲ್ಲ."

ಗೌರಕ್ಕನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಸೆರಗಿನಿಂದ ಅತ್ತೆಯ ಕಣ್ಣು ಒರೆಸಿ, ಆಮೇಲೆ ತನ್ನದನ್ನು ಒರೆಸಿಕೊಂಡಳು. ಚಿಕ್ಕೇಗೌಡ ಎದ್ದು ಟವಲು ಕೊಡವಿ, "ಹಂಗಾದ್ರೆ ಅಣಬೇದೇ ಕಾಟ" ಎಂದು ಹೇಳಿ ಮನೆಗೆ ಹೋದ. ಹಿರಿಯರೂ ಒಬ್ಬೊಬ್ಬರಾಗಿ ಎದ್ದರು. ಸಂಜೆಯ ಹೊತ್ತಿಗೆ ನಂಜಮ್ಮನವರು ನಿದ್ದೆ ಹೋದರು. ಗೌರಕ್ಕ ಅಲ್ಲಿಯತನಕ ಕಾಲು ಕದಲಿಸಲಿಲ್ಲ.

ಮಾರನೆಯ ದಿನ ಅವರು ಎಂದಿನಂತೆ ಎದ್ದು ಅಂಗಳ ಗುಡಿಸಿದರು. ಆದದ್ದರಲ್ಲಿ ಎಷ್ಟು ನೆನಪಿದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾವ ಮಾತ್ರ ಕುಂಬಾರನ ಮನೆಗೆ ಹೋಗಿ ಹೊಸ ಮಡಕೆಗಳನ್ನು ಮಂಕರಿಯಲ್ಲಿ ಹೊತ್ತು ತಂದು ಜಗಲಿಯ ಮೇಲಿಟ್ಟರು. ನಿನ್ನೆ ಮಾತಾಡಬೇಕಾಗಿತ್ತು, ಆಡಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ನನಗಲ್ಲ, ಗೌರಕ್ಕನಿಗೆ. ಅವಳು ಅದಕ್ಕೆ ಏನೆಂದಳೋ ನನಗೆ ಹೇಳಲಿಲ್ಲ. ಕೆಲವು ದಿನ ಅವರಿಗೆ ಮುದ್ದೆ ಬಡಿಸುವಾಗ ತಟ್ಟೆ ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿತ್ತು.

ನಾನು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಗಾಜು ಸಿಗದೆ ಮುತ್ತುಗದ ಎಲೆ ಮುಚ್ಚಿದೆ. ಟೋಪಿ ಹಾರಿಸುವ ನನ್ನ ಗಾಜುಕಡ್ಡಿಗಳು ಬೆಳಕಿಲ್ಲದೆ ದಿಕ್ಕು ತಪ್ಪಿ ಅಡ್ಡಾದಿಡ್ಡಿ ಬಗ್ಗಿದವು. ಅದನ್ನೂ ಬರೆದುಕೊಂಡೆ. ಆಮೇಲೆ ಬೆಂಗಳೂರಿನಿಂದ ಗಾಜು ತಂದೆ. ಮೇಷ್ಟ್ರಿಗೆ ನಡೆದದ್ದನ್ನು ಹೇಳಿದಾಗ ಅವರು ಬಹಳ ಹೊತ್ತು ಆ ಒಣ ಅಣಬೆಯನ್ನು ತಿರುವಿ ತಿರುವಿ ನೋಡಿದರು. ಸಗಣಿಯ ಅಣಬೆಗಳಲ್ಲಿ ಕೆಲವು ನಗು ಬರಿಸುತ್ತವೆ ಎಂದು ವಿದೇಶದ ಪತ್ರಿಕೆಯಲ್ಲಿ ಓದಿದ ನೆನಪು, ಆದರೆ ತಿಂದವರನ್ನು ಕಂಡವರು ಯಾರೂ ತಮಗೆ ಸಿಕ್ಕಿರಲಿಲ್ಲ ಎಂದರು. "ಯಾರು ತಿಂದಿದ್ದು?" ಎಂದು ಕೇಳಿದರು. "ನಮ್ಮಕ್ಕನ ಅತ್ತೆ, ಸಾರ್." "ಈಗ ಹೇಗಿದ್ದಾರೆ?" "ಚೆನ್ನಾಗಿದ್ದಾರೆ ಸಾರ್. ಮೊದಲಿಗಿಂತ." ಪ್ರಬಂಧದಲ್ಲಿ ಆ ಭಾಗವನ್ನು ಬಿಟ್ಟುಬಿಡಿ, ಪರೀಕ್ಷಕರು ನಂಬುವುದಿಲ್ಲ ಎಂದರು. ಬಿಟ್ಟೆ. ಪ್ರಬಂಧ ಪಾಸಾಯಿತು, ನನಗೆ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಮುಂದೆ ಕುದುರೆ, ಆನೆ, ಜಿಂಕೆ, ಮೊಲದ ಹಿಕ್ಕೆಗಳ ತನಕ ನನ್ನ ಕೆಲಸ ಬೆಳೆಯಿತು. ಆದರೆ ಕುತೂಹಲದಿಂದ ಮಡಕೆಗೆ ಕಿವಿ ಇಟ್ಟು ಕೇಳುವ ಭಾವನಂಥ ಶಿಷ್ಯ ನನಗೆ ಸಿಗಲಿಲ್ಲ.

ಹೇಳಬೇಕಾದ್ದು ಇನ್ನೊಂದಿದೆ, ನಾನು ಆ ಊರಿಂದ ಹೊರಟ ದಿನದ್ದು. ಮಳೆ ಮುಗಿದು ರಾಗಿ ತೆನೆ ಕಟ್ಟಿತ್ತು. ಆ ಬೆಳಿಗ್ಗೆ ನಂಜಮ್ಮನವರು ಹುತ್ತದ ಅಣಬೆ ತಂದಿದ್ದರು. ಅಷ್ಟೊತ್ತಿಗೆ ಅದರ ಕಾಲ ಮುಗಿದೇ ಹೋಗಿತ್ತು, ಎಲ್ಲಿ ಹುಡುಕಿದರೋ. ಅಡಿಗೆಗೆ ಮೊದಲು ಮೊರವನ್ನು ನನ್ನ ಮುಂದೆ ಇಟ್ಟು, "ನೋಡಪ್ಪ, ನಿನ್ನ ಕಣ್ಣಿಗೆ ಸರಿ ಐತಾ?" ಎಂದರು. ಒಂದೊಂದನ್ನೂ ತಿರುವಿ ನೋಡಿ ಸರಿ ಇದೆ ಎಂದೆ.

ಗಂಡಸರು ಮೂವರೂ ಊಟಕ್ಕೆ ಕೂತೆವು. ಗೌರಕ್ಕ ಮುದ್ದೆ ಇಟ್ಟು ಸಾರು ಬಡಿಸಿ ಎಂದಿನಂತೆ ಬಾಗಿಲ ಬಳಿ ನಿಂತಳು. ನಂಜಮ್ಮನವರು ಒಳಗಿನಿಂದ ಇನ್ನೆರಡು ತಟ್ಟೆ ತಂದು ನಮ್ಮ ಸಾಲಿನಲ್ಲೇ ಇಟ್ಟರು.

"ಕೂತ್ಕೋ ಗೌರಿ," ಎಂದರು.

"ಆಮೇಲೆ ಉಣ್ತೀನಿ ಬಿಡಿ ಅತ್ತೆ."

"ಆಮೇಲೆ ಉಂಡಿದ್ದಕ್ಕೇ ಅಲ್ವಾ ಅಷ್ಟೊಂದು ಮಾತು ಬಂದಿದ್ದು? ಈ ಮನೇಲಿ ಇನ್ನು ಎಲ್ಲರೂ ಒಟ್ಟಿಗೇ ಉಣ್ಣೋದು. ನಗೋದಾದ್ರೆ ಎಲ್ಲರೂ ಒಟ್ಟಿಗೇ ನಗಾಣ."

ಮಾವ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ಕೂತರು. ಚಿಕ್ಕೇಗೌಡನ ಹೆಂಡತಿ ಏನೋ ಕೇಳಿಕೊಂಡು ಬಂದವಳು, ಗಂಡಸರ ಸಾಲಿನಲ್ಲಿ ಹೆಂಗಸರು ಕೂತದ್ದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಂಜಮ್ಮನವರು ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತ ತಲೆ ಎತ್ತಿದರು.

"ಏನ್ ನೋಡ್ತಾ ನಿಂತೆ? ಒಳಗೆ ಇನ್ನೂ ತಟ್ಟೆ ಐತೆ. ತಗೊಂಡು ಬಂದು ಕೂತ್ಕೋ."